ಉಣ್ಣೆ ಬಣ್ಣ ಹಿಡಿಯದಿದ್ದರೆ ಪಟಿಕವನ್ನು ದೂರಬೇಡಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆಯ ವಿನೋಬನಗರದಲ್ಲಿದ್ದೇನೆ. ಹೆಣಿಗೆ ನನಗೆ ಹೊಸದಲ್ಲ, ಆದರೆ ನೂಲಿಗೆ ಮನೆಯಲ್ಲೇ ಬಣ್ಣ ಹಾಕಿದ್ದು ಇದೇ ಮೊದಲು. ಫ್ಯಾನ್ಸಿ ಅಂಗಡಿಯ ಬಿಳಿ ಉಲನ್ ಮತ್ತು ಚಳ್ಳಕೆರೆಯಿಂದ ತರಿಸಿದ ಬಿಳಿ ಕೈನೂಲು ಎರಡನ್ನೂ ಅರಿಶಿನ, ಪಟಿಕ ಹಾಕಿ ಕುದಿಸಿದೆ. ಅಂಗಡಿಯ ಉಲನ್‌ನಲ್ಲಿ ಬಣ್ಣ ನಿಲ್ಲಲೇ ಇಲ್ಲ. ಕೈನೂಲು ಒಳ್ಳೆಯ ಹಳದಿಯಾಯಿತು, ಆದರೆ ಮಹಡಿಯ ಮೇಲೆ ಬಿಸಿಲಿಗೆ ಹಾಕಿದ್ದು ವಾರದೊಳಗೆ ಮಾಸಿತು. ಇನ್ನೊಂದು ಲಡಿಗೆ ಸೀರೆಗೆ ಹಾಕುವ ಕೆಂಪು ಬಣ್ಣದ ಪೊಟ್ಟಣ ಬಳಸಿದೆ. ಒಗೆದಾಗಲೆಲ್ಲ ನೀರು ಕೆಂಪಾಗುತ್ತದೆ, ಜೊತೆಗೆ ನೂಲು ಜಡೆಗಟ್ಟಿದೆ. ನಮ್ಮದು ಬೋರ್‌ವೆಲ್ ನೀರು. ಅತ್ತೆಯವರಿಗೆ ಮೆರೂನ್ ಶಾಲು, ಮಗಳ ಮಗುವಿಗೆ ಹಳದಿ ಸ್ವೆಟರ್ ಹೆಣೆಯಬೇಕೆಂದಿದ್ದೇನೆ. ಪಟಿಕ ಕಡಿಮೆಯಾಯಿತೇ?

ಉತ್ತರ: ಪಟಿಕದ ಮೇಲೆ ಅನುಮಾನ ಬೇಡ. ಉಲನ್ ಬಣ್ಣ ಹಿಡಿಯದಿದ್ದುದು, ಹಳದಿ ಮಾಸಿದ್ದು, ಕೆಂಪು ಬಿಟ್ಟದ್ದು, ನೂಲು ಜಡೆಗಟ್ಟಿದ್ದು, ಈ ನಾಲ್ಕಕ್ಕೂ ಬೇರೆ ಬೇರೆ ಕಾರಣಗಳಿವೆ. ಒಂದಕ್ಕೂ ಪಟಿಕದ ಅಳತೆ ಕಾರಣವಲ್ಲ. ಬಣ್ಣ ಹಾಕುವ ಮಾತೆತ್ತಿದರೆ ಎಲ್ಲರ ಕಣ್ಣೂ ಮೊದಲು ಪುಡಿಯ ಕಡೆಗೆ ಹೋಗುತ್ತದೆ. ನಾನು ಮೊದಲು ಕೇಳುವುದು ನೂಲು ಯಾವುದು, ನೀರು ಎಲ್ಲಿಯದು ಎಂದು. ಇವೆರಡು ತಿಳಿದ ಮೇಲೆ ಪುಡಿಯ ವಿಚಾರ.

ನಿಮ್ಮ ಫ್ಯಾನ್ಸಿ ಅಂಗಡಿಯ ಉಲನ್ ಬಹುಮಟ್ಟಿಗೆ ಅಕ್ರಿಲಿಕ್. ನಮ್ಮ ಕಡೆ ಹೆಣಿಗೆಯ ದಾರಕ್ಕೆಲ್ಲ ಉಲನ್ ಎಂದೇ ಹೆಸರು. ಅದರಲ್ಲಿ ಕುರಿಯ ಮೈಯಿಂದ ಬಂದದ್ದು ಎಷ್ಟೆಂದು ಅಂಗಡಿಯವರೂ ವಿಚಾರಿಸುವುದಿಲ್ಲ. ಅಕ್ರಿಲಿಕ್ ಎಂಬುದು ಕಾರ್ಖಾನೆಯಲ್ಲಿ ತಯಾರಾಗುವ ಪ್ಲಾಸ್ಟಿಕ್ ಜಾತಿಯ ಎಳೆ. ಅರಿಶಿನವಾಗಲಿ, ದಾಳಿಂಬೆ ಸಿಪ್ಪೆಯಾಗಲಿ, ಉಣ್ಣೆಯ ಬಣ್ಣಗಳಾಗಲಿ ಅದರ ಮೇಲೆ ನಿಲ್ಲುವುದಿಲ್ಲ. ಪರೀಕ್ಷೆ ಸುಲಭ. ಒಂದು ಬೆರಳುದ್ದ ದಾರವನ್ನು ಚಿಮುಟದಲ್ಲಿ ಹಿಡಿದು ನೀರಿನ ತಟ್ಟೆಯ ಮೇಲೆ ಸುಡಿ. ಉಣ್ಣೆ ಒಲ್ಲದ ಮನಸ್ಸಿನಿಂದ ಉರಿಯುತ್ತದೆ, ಬೆಂಕಿಯಿಂದ ಆಚೆ ತೆಗೆದರೆ ತಾನಾಗಿ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಭಗ್ಗೆಂದು ಹೊತ್ತಿ ಕರಗಿ ಹನಿಯುತ್ತದೆ; ಆರಿದ ಮೇಲೆ ಕಲ್ಲಿನಂಥ ಕರಿ ಮಣಿಯಾಗಿ ಉಳಿಯುತ್ತದೆ.

ಎರಡೂ ಬೆರೆತ ದಾರದಲ್ಲಿ ಸುಟ್ಟ ಪರೀಕ್ಷೆ ಗೊಂದಲ ಮಾಡುತ್ತದೆ. ಆಗ ಬಟ್ಟೆ ಬಿಳುಪು ಮಾಡುವ ಬ್ಲೀಚ್ ದ್ರಾವಣದಲ್ಲಿ ಒಂದು ತುಂಡು ಹಾಕಿ ಬೆಳಿಗ್ಗೆವರೆಗೆ ಬಿಡಿ. ಉಣ್ಣೆ ಕರಗಿ ಮಾಯವಾಗಿ, ಉಳಿದದ್ದು ಏನಿದೆಯೋ ಅದು ಬೆರಕೆ. ಈ ಬ್ಲೀಚ್ ಲೋಟವನ್ನು ಬಣ್ಣದ ಕೆಲಸದ ವಿನೆಗರ್ ಹತ್ತಿರವೂ ಇಡಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಅಡುಗೆಮನೆಯಲ್ಲಿ ಅದು ಹುಡುಗಾಟವಲ್ಲ.

ಇನ್ನು ಚಳ್ಳಕೆರೆಯ ಕೈನೂಲು. ಅದು ಅಸಲಿ ಉಣ್ಣೆ, ಅನುಮಾನವಿಲ್ಲ. ಆದರೆ ಅದು ಕಂಬಳಿಗೆಂದು ನೂತ ನೂಲು. ನಮ್ಮ ದಖ್ಖನಿ ಕುರಿಯ ಎಳೆ ಸಾಮಾನ್ಯವಾಗಿ 30 ಮೈಕ್ರಾನಿಗಿಂತ ದಪ್ಪ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). ಮೈಗೆ ಹಿತವೆನಿಸುವ ಮೆರಿನೊ ಉಣ್ಣೆ 24 ಮೈಕ್ರಾನಿನೊಳಗೆ ಇರುತ್ತದೆ. ದಖ್ಖನಿ ಉಣ್ಣೆಯಲ್ಲಿ ಒಳಗೆ ಟೊಳ್ಳಾದ, ಒರಟಾದ ಕೂದಲೂ ಬೆರೆತಿರುತ್ತದೆ. ಅದು ಬಣ್ಣವನ್ನು ಸರಿಯಾಗಿ ತೋರಿಸುವುದಿಲ್ಲ. ನಿಮ್ಮ ಹಳದಿ ಲಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ: ನಡುನಡುವೆ ಸುಣ್ಣದ ಬಣ್ಣದ ಕೂದಲುಗಳು ಹಾಗೇ ನಿಂತಿರುತ್ತವೆ. ಅದು ಬಣ್ಣ ಹಾಕಿದವರ ತಪ್ಪಲ್ಲ, ಕುರಿಯ ಗುಣ. ನನಗೆ ಆ ಚುಕ್ಕೆ ಚುಕ್ಕೆ ನೋಟವೇ ಇಷ್ಟ. ಒಂದೇ ಸಮನಾದ ಬಣ್ಣ ಬೇಕೆನ್ನುವವರಿಗೆ ಹಿಡಿಸಲಿಕ್ಕಿಲ್ಲ. ಅತ್ತೆಯವರ ಶಾಲಿಗೆ ಈ ನೂಲು ನಡೆಯುತ್ತದೆ, ಸೀರೆಯ ಮೇಲೆ ಹೊದೆಯುವುದಲ್ಲವೇ. ಮಗುವಿನ ಕತ್ತಿಗೆ ಮಾತ್ರ ಬೇಡ, ಚುಚ್ಚುತ್ತದೆ. ಸ್ವೆಟರಿಗೆ ಲೇಬಲ್ ಮೇಲೆ ಶೇ 100 ಮೆರಿನೊ ಎಂದಿರುವ, ಸಾಧ್ಯವಾದರೆ ಅಸಲಿ ಉಣ್ಣೆಗೆ ಕೊಡುವ ವುಲ್‌ಮಾರ್ಕ್ ಗುರುತಿರುವ ಬಿಳಿ ನೂಲು ತರಿಸಿ.

ಕಂಬಳಿಯ ನೂಲಿಗೆ ಇನ್ನೊಂದು ಎಚ್ಚರ ಬೇಕು. ಮಗ್ಗಕ್ಕೆ ಏರಿಸುವ ಮುನ್ನ ಹಾಸಿನ ನೂಲಿಗೆ, ಅಂದರೆ ಉದ್ದಕ್ಕೆ ಎಳೆದು ಕಟ್ಟುವ ಎಳೆಗಳಿಗೆ, ಹುಣಸೆ ಬೀಜದ ಗಂಜಿ ಹಚ್ಚುವುದು ನಮ್ಮ ಕಡೆಯ ಕ್ರಮ. ಗಂಜಿ ಹಚ್ಚಿದ ನೂಲು ನಿಮಗೆ ಬಂದಿದ್ದರೆ ಬಣ್ಣ ಗಂಜಿಗೆ ಅಂಟಿ, ಗಂಜಿಯ ಜೊತೆಗೇ ತೊಳೆದುಹೋಗುತ್ತದೆ. ಗಂಜಿ ಇಲ್ಲದ ನೂಲಿನಲ್ಲೂ ಕುರಿಯ ಮೈಜಿಡ್ಡು ಇದ್ದೇ ಇರುತ್ತದೆ. ಎರಡಕ್ಕೂ ಮದ್ದು ಅಂಟುವಾಳ. ಒಂದು ಹಿಡಿ ಅಂಟುವಾಳದ ಸಿಪ್ಪೆ ಕುದಿಸಿ, ಸೋಸಿ, ಕೈ ತಾಳುವಷ್ಟು ಬಿಸಿಯಿರುವ ನೀರಿಗೆ ಬೆರೆಸಿ ಲಡಿಯನ್ನು ಅರ್ಧ ಗಂಟೆ ಅದ್ದಿಡಿ, ಉಜ್ಜಬೇಡಿ. ನೀರಿನ ಹನಿ ನೂಲಿನ ಮೇಲೆ ಉರುಳದೆ ತಕ್ಷಣ ಹೀರಿಕೊಂಡರೆ ಜಿಡ್ಡು ಹೋಗಿದೆ ಎಂದರ್ಥ. ಸೀಗೆಕಾಯಿ ಬೇಡ, ತನ್ನದೇ ಕಂದು ಬಿಡುತ್ತದೆ. ವಾಷಿಂಗ್ ಸೋಡಾ ಉಣ್ಣೆಗೆ ಶತ್ರು. ಕಲೆ ತೆಗೆಯಲು ಕಿಣ್ವ ಬೆರೆಸಿದ ಡಿಟರ್ಜೆಂಟ್ ಪುಡಿಯೂ ಅಷ್ಟೇ: ಉಣ್ಣೆ ಪ್ರೋಟೀನು, ಆ ಕಿಣ್ವ ಪ್ರೋಟೀನನ್ನೇ ತಿನ್ನುವಂಥದ್ದು.

ಜಡೆಗಟ್ಟಿದ್ದಕ್ಕೆ ಬರೋಣ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂತೆ ಪದರಗಳಿರುತ್ತವೆ. ಬಿಸಿನೀರಿನಲ್ಲಿ ಅವು ಬಿಚ್ಚಿಕೊಳ್ಳುತ್ತವೆ. ಆಗ ಕೋಲು ಹಾಕಿ ತಿರುವಿದರೆ ಒಂದರೊಳಗೊಂದು ಸಿಕ್ಕಿಕೊಂಡು ಮತ್ತೆ ಬಿಡುವುದಿಲ್ಲ. ಕುದಿಯುವ ಪಾತ್ರೆಯಿಂದ ತೆಗೆದು ನೇರ ನಲ್ಲಿಯ ತಣ್ಣೀರಿಗೆ ಹಿಡಿದಿರಲೂಬಹುದು. ಬಿಸಿ ಮಾತ್ರದಿಂದ ಉಣ್ಣೆ ಕೆಡುವುದಿಲ್ಲ. ಬಿಸಿ, ತಿಕ್ಕಾಟ, ಸೋಪಿನ ಕ್ಷಾರ, ಥಟ್ಟನೆ ಬದಲಾಗುವ ಉಷ್ಣ, ಇವು ಒಟ್ಟಿಗೆ ಸೇರಿದಾಗ ಕೆಡುತ್ತದೆ. ಆದ್ದರಿಂದ ನೂಲನ್ನು ತಣ್ಣನೆಯ ಬಣ್ಣದ ನೀರಿಗೆ ಇಳಿಸಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಹೊತ್ತು ತೆಗೆದುಕೊಂಡು 85ರಿಂದ 90 ಡಿಗ್ರಿಗೆ ಏರಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತಳದಿಂದ ಸಣ್ಣ ಗುಳ್ಳೆಗಳು ಏಳುತ್ತಾ, ಮೇಲೆ ಹಬೆಯಾಡುತ್ತಾ, ನೀರು ಮಾತ್ರ ಮರಳದೆ ಇರುವ ಹದ ನೋಡಿಕೊಳ್ಳಿ. ಅಲ್ಲಿ ಅರ್ಧ ಗಂಟೆ ನಿಲ್ಲಿಸಿ, ಒಲೆ ಆರಿಸಿ, ಮುಚ್ಚಳ ಮುಚ್ಚಿ ರಾತ್ರಿಯಿಡೀ ಪಾತ್ರೆಯಲ್ಲೇ ಆರಲು ಬಿಡಿ. ತಿರುವಬೇಡಿ, ಬೇಕಾದರೆ ಲಡಿಯನ್ನು ಮೆಲ್ಲಗೆ ಎತ್ತಿ ಮಗ್ಗುಲು ಬದಲಿಸಿ. ಅವಸರದವರಿಗೆ ಈ ಕೆಲಸ ಒಗ್ಗುವುದಿಲ್ಲ.

ಲಡಿ ಕಟ್ಟುವುದೂ ಮುಖ್ಯ. ಉಂಡೆಯಾಗಿರುವ ನೂಲಿಗೆ ಬಣ್ಣ ಹಾಕಿದರೆ ಹೊರಗೆ ಗಾಢ, ಒಳಗೆ ಬಿಳಿ. ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ದಾರದಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಬಿಗಿ ಕಟ್ಟಿದಲ್ಲಿ ಬಣ್ಣ ಇಳಿಯುವುದಿಲ್ಲ. ಬಣ್ಣಕ್ಕೆ ಇಳಿಸುವ ಮುನ್ನ ಒಂದು ಗಂಟೆಯಾದರೂ ನೀರಿನಲ್ಲಿ ನೆನೆಯಬೇಕು; ಒಣ ನೂಲು ಬಣ್ಣದ ನೀರಿಗೆ ಬಿದ್ದರೆ ಪಟ್ಟೆ ಪಟ್ಟೆಯಾಗುವುದು ಖಂಡಿತ.

ಈಗ ನೀರು. ಉಣ್ಣೆಗೆ ಬಣ್ಣ ಕೂರಿಸುವುದು ಹುಳಿ. ಹುಳಿ ನೀರಿನಲ್ಲಿ ಉಣ್ಣೆಯ ಪ್ರೋಟೀನು ಧನ ವಿದ್ಯುದಂಶ ಪಡೆಯುತ್ತದೆ, ಋಣ ಅಂಶದ ಬಣ್ಣ ಅದಕ್ಕೆ ಅಂಟುತ್ತದೆ. ಉಣ್ಣೆ, ರೇಷ್ಮೆಗಳ ಬಣ್ಣವನ್ನು ಆಸಿಡ್ ಬಣ್ಣ ಎನ್ನುವುದು ಇದಕ್ಕೇ. ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಗಡುಸು. ಅದರಲ್ಲಿರುವ ಬೈಕಾರ್ಬನೇಟ್ ನೀವು ಹಾಕಿದ ವಿನೆಗರನ್ನು ಮೊದಲು ತಾನೇ ತಿಂದುಹಾಕುತ್ತದೆ. ಎರಡು ಚಮಚ ವಿನೆಗರ್ ಎಂದು ವಿದೇಶದ ವಿಡಿಯೊಗಳಲ್ಲಿ ಹೇಳುತ್ತಾರಲ್ಲ, ಅದು ಅವರ ಮೆದು ನೀರಿನ ಲೆಕ್ಕ. ನೀರಿನ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದ ತಂದಿಟ್ಟುಕೊಳ್ಳಿ, 4ರಿಂದ 5ರ ನಡುವೆ ಬರುವವರೆಗೆ ಹುಳಿ ಸೇರಿಸಿ. ದಿನಸಿ ಅಂಗಡಿಯ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ವಿನೆಗರಿಗಿಂತ ಅಗ್ಗ, ಘಾಟೂ ಇಲ್ಲ. ಮೆದು ನೀರಾದರೆ 100 ಗ್ರಾಂ ನೂಲಿಗೆ 3 ಗ್ರಾಂ ಸಾಕು.

ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವೂ ಇರಬಹುದು, ಹಳದಿಯನ್ನು ಅದು ಪಾಚಿಯ ಕಡೆಗೆ ಎಳೆಯುತ್ತದೆ. ದಾಳಿಂಬೆ ಸಿಪ್ಪೆಯ ಗಟ್ಟಿ ಕಷಾಯಕ್ಕೆ ನಿಮ್ಮ ನೀರು ಬೆರೆಸಿ ನೋಡಿ, ಬೂದು ಅಥವಾ ಕಪ್ಪಿಗೆ ತಿರುಗಿದರೆ ಕಬ್ಬಿಣ ಇದೆ. ದಾವಣಗೆರೆಗೆ ತುಂಗಭದ್ರೆಯ ನೀರೂ ಬರುತ್ತದೆ, ನೀವು ಆ ವಿಷಯದಲ್ಲಿ ಪುಣ್ಯವಂತರು. ನಲ್ಲಿಯಲ್ಲಿ ನದಿ ನೀರು ಬಂದ ದಿನ ನಾಲ್ಕು ಬಿಂದಿಗೆ ಹಿಡಿದಿಟ್ಟು ಹಳದಿಯ ಕೆಲಸ ಅದರಲ್ಲೇ ಮಾಡಿ. ಇಲ್ಲಿ ಚಿತ್ರದುರ್ಗದ ಹಳ್ಳಿಗಳಿಂದ ಕೇಳುವವರಿಗೆ ನಾನು ಮಳೆನೀರು ಅಥವಾ ಶುದ್ಧೀಕರಣ ಘಟಕದ ಕ್ಯಾನ್ ನೀರು ಬಳಸಿ ಎನ್ನುತ್ತೇನೆ.

ನಿಮ್ಮ ಕೆಂಪು ಪೊಟ್ಟಣದ ವಿಷಯ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಅದು ಹತ್ತಿಯ ಬಣ್ಣ. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು, ಅಂಗಡಿಯಲ್ಲಿ ಬಣ್ಣ ಎಂದು ಕೇಳಿದರೆ ಹತ್ತಿಯದ್ದನ್ನೇ ಕೊಡುತ್ತಾರೆ, ಉಪ್ಪು ಹಾಕಿ ಕುದಿಸಿ ಎಂದೇ ಹೇಳುತ್ತಾರೆ. ಅದು ಉಣ್ಣೆಗೆ ಅರೆಬರೆ ಅಂಟಿ ಜೀವನವಿಡೀ ಬಿಡುತ್ತಿರುತ್ತದೆ. ನಿಮಗೆ ಬೇಕಾದ್ದು ರೇಷ್ಮೆಗೆ ಬಳಸುವ ಆಸಿಡ್ ಬಣ್ಣ. ರೇಷ್ಮೆಯೂ ಪ್ರೋಟೀನೇ. ಮೊಳಕಾಲ್ಮುರು ಸೀರೆಯ ನೇಕಾರರ ಕಡೆ ಪರಿಚಯದವರಿದ್ದರೆ ಬಣ್ಣ ಎಲ್ಲಿ ಕೊಳ್ಳುತ್ತಾರೆಂದು ವಿಚಾರಿಸಿ, ಇಲ್ಲವೇ ಆನ್‌ಲೈನ್‌ನಲ್ಲಿ ತರಿಸಿ.

ಅಡುಗೆ ಬಣ್ಣ ಆಗುತ್ತದೆಯೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಆಗುತ್ತದೆ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಸಿನ್ ಎಲ್ಲವೂ ಆಸಿಡ್ ಬಣ್ಣಗಳೇ. ತಿಂಡಿಗೆ ಕೃತಕ ಬಣ್ಣ ಹಾಕಿದ್ದಾರೆಯೇ ಎಂದು ನೋಡಲು ಪ್ರಯೋಗಾಲಯದಲ್ಲಿ ಹಳೆಯ ಕಾಲದಿಂದ ಮಾಡುತ್ತ ಬಂದಿರುವ ಪರೀಕ್ಷೆಯೂ ಇದೇ: ತಿಂಡಿಯ ಸಾರಕ್ಕೆ ಹುಳಿ ಬೆರೆಸಿ ಬಿಳಿ ಉಣ್ಣೆಯ ದಾರ ಹಾಕಿ ಕಾಯಿಸುತ್ತಾರೆ, ಕೃತಕ ಬಣ್ಣವಿದ್ದರೆ ದಾರ ಹಿಡಿದುಕೊಳ್ಳುತ್ತದೆ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಿಗೆ ಕೃತಕ ಬಣ್ಣ ನಿಷೇಧಿಸಿದ ಮೇಲೆ ಮನೆಯಲ್ಲಿ ಉಳಿದ ಡಬ್ಬಿಗಳಿಗೆ ಉಣ್ಣೆಗಿಂತ ಒಳ್ಳೆಯ ಗತಿ ಇಲ್ಲ. ಆದರೆ ಆ ಪುಡಿಗಳಲ್ಲಿ ಉಪ್ಪೇ ಹೆಚ್ಚಿರುವುದರಿಂದ ಅಳತೆ ಪ್ರತಿ ಡಬ್ಬಿಗೂ ಬೇರೆಯಾಗುತ್ತದೆ. ಬಿಸಿಲಿಗೆ ಕೆಲವು ಬೇಗ ಮಂಕಾಗುತ್ತವೆ. ಕಲಿಯಲು ಸರಿ, ಸ್ವೆಟರಿಗೆ ಬೇಡ.

ಸ್ವೆಟರಿಗೆ ಹಳದಿ ಆಸಿಡ್ ಬಣ್ಣವೇ ಇರಲಿ. ಮಗುವಿನ ಬಟ್ಟೆ ಪದೇ ಪದೇ ಒಗೆಯಬೇಕು. 10 ಗ್ರಾಂ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಒಂದು ಲೀಟರ್ ಮಾಡಿಟ್ಟುಕೊಳ್ಳಿ. ಪುಡಿ ಮುಟ್ಟುವಾಗ ಮಾಸ್ಕ್, ಕೈಗವಸು ಹಾಕಿ, ಫ್ಯಾನ್ ಆರಿಸಿ. ಆ ಧೂಳು ಉಸಿರಿಗೆ ಹೋಗಬಾರದು. ಈ ದ್ರಾವಣದ 100 ಮಿಲಿಲೀಟರ್, 100 ಗ್ರಾಂ ನೂಲಿಗೆ ನಡುಮಟ್ಟದ ಬಣ್ಣ ಕೊಡುತ್ತದೆ. ಎಳೆ ಹಳದಿಗೆ ಅದರ ಅರ್ಧ, ಗಾಢಕ್ಕೆ ಎರಡರಷ್ಟು. 100 ಗ್ರಾಂ ನೂಲಿಗೆ ಮೂರ್ನಾಲ್ಕು ಲೀಟರ್ ನೀರು. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಂ ಹುಳಿಯೊಂದಿಗೆ ಸೇರಿ ಬಣ್ಣ ಮಂಕು ಮಾಡುತ್ತದೆ. ಆ ಪಾತ್ರೆಯಲ್ಲಿ ಮತ್ತೆ ಸಾರು ಮಾಡುವಂತಿಲ್ಲ. ಸಮನಾದ ಬಣ್ಣಕ್ಕೆ ಹುಳಿಯನ್ನು ಮೊದಲೇ ಹಾಕಬೇಡಿ. ನೂಲು ಬಣ್ಣದ ನೀರಿನಲ್ಲಿ ಬೆಚ್ಚಗಾದ ಮೇಲೆ ಲಡಿಯನ್ನು ಪಕ್ಕಕ್ಕೆ ಎತ್ತಿ, ಕರಗಿಸಿದ ನಿಂಬೆ ಉಪ್ಪನ್ನು ಎರಡು ಮೂರು ಕಂತಿನಲ್ಲಿ ಹಾಕಿ. ಕೊನೆಗೆ ನೂಲು ಬಣ್ಣವನ್ನೆಲ್ಲ ಎಳೆದುಕೊಂಡು ಪಾತ್ರೆಯ ನೀರು ತಿಳಿಯಾಗುತ್ತದೆ. ಚಮಚದಲ್ಲಿ ಎತ್ತಿ ಬಿಳಿ ಬಟ್ಟಲಿಗೆ ಹಾಕಿ ನೋಡಿ. ಇನ್ನೂ ಹಳದಿ ಕಂಡರೆ ಹುಳಿ ಸಾಲದು ಅಥವಾ ಬಿಸಿ ಸಾಲದು.

ಸೂಪರ್‌ವಾಶ್ ಎಂದು ಬರೆದ ನೂಲಾದರೆ ಹುರುಪೆಯನ್ನು ರಾಸಾಯನಿಕವಾಗಿ ಮುಚ್ಚಿರುತ್ತಾರೆ. ಅದು ಜಡೆಗಟ್ಟುವುದಿಲ್ಲ, ಆದರೆ ಬಣ್ಣವನ್ನು ಗಬಗಬನೆ ಹಿಡಿಯುವುದರಿಂದ ಪಟ್ಟೆಯಾಗುತ್ತದೆ. ಅಲ್ಲಿ ಹುಳಿ ಇನ್ನೂ ನಿಧಾನವಾಗಿ ಹೋಗಬೇಕು.

ಅರಿಶಿನದ ಆಸೆ ಬಿಟ್ಟುಬಿಡಿ. ಪಟಿಕ ಇಲ್ಲದೆಯೂ ಅದು ಉಣ್ಣೆಯನ್ನು ಹಿಡಿಯುತ್ತದೆ, ಎಷ್ಟು ಪಟಿಕ ಸುರಿದರೂ ಬಿಸಿಲಿಗೆ ಹಾರಿಹೋಗುತ್ತದೆ. ಸೋಪು ತಾಗಿದರೆ ಕೆಂಪಾಗುತ್ತದೆ. ಸುಣ್ಣ ಸೇರಿಸಿ ಕುಂಕುಮ ಮಾಡುವವರಿಗೆ ಇದು ಹೊಸದಲ್ಲ. ಗಿಡದ ಹಳದಿಯೇ ಬೇಕೆಂಬ ಹಟವಿದ್ದರೆ ದಸರೆ, ದೀಪಾವಳಿಯ ಚೆಂಡು ಹೂವಿನ ಹಾರಗಳನ್ನು ಎಸೆಯದೆ ಒಣಗಿಸಿ. ಪಟಿಕ ಹಾಕಿದ ಉಣ್ಣೆಯ ಮೇಲೆ ಚೆಂಡು ಹೂ ಅರಿಶಿನಕ್ಕಿಂತ ಎಷ್ಟೋ ಪಾಲು ಬಾಳುತ್ತದೆ. ದಾಳಿಂಬೆ ಸಿಪ್ಪೆ ಇನ್ನೂ ಗಟ್ಟಿ, ಬಣ್ಣ ಮಾತ್ರ ಸ್ವಲ್ಪ ಹಸಿರು ಛಾಯೆಯ ಹಳದಿ. ಈರುಳ್ಳಿ ಸಿಪ್ಪೆ ಸಾಸಿವೆ, ತಾಮ್ರದ ಛಾಯೆ ಕೊಡುತ್ತದೆ. ಎರಡೂ ನಮ್ಮ ಜಿಲ್ಲೆಯ ಬೆಳೆ, ಸಿಪ್ಪೆಗೆ ಯಾರೂ ದುಡ್ಡು ಕೇಳುವುದಿಲ್ಲ. ಬೀಟ್‌ರೂಟ್, ದಾಸವಾಳದ ಹಿಂದೆ ಹೋಗಬೇಡಿ, ಪಾತ್ರೆಯಲ್ಲಿ ಕಾಣುವ ಅಂದ ನೂಲಿನಲ್ಲಿ ಉಳಿಯುವುದಿಲ್ಲ.

ನಿಮ್ಮ ದಾವಣಗೆರೆ ಜಿಲ್ಲೆಯದೇ ಒಂದು ಬಣ್ಣ ಹೇಳದೆ ಹೋದರೆ ತಪ್ಪಾದೀತು. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರು ಟ್ಯಾನಿನ್ ಎಂಬ ಒಗರಿನ ಅಂಶ ತುಂಬಿದ ಕೆಂಗಂದು ದ್ರವ. ಸಾಗರ ತಾಲ್ಲೂಕಿನ ಹೆಗ್ಗೋಡು ಬಳಿಯ ಚರಕ ಸಂಸ್ಥೆಯವರು ಹತ್ತಿ ಬಟ್ಟೆಗೆ ಇದನ್ನು ಬಳಸಿ ಹೆಸರು ಮಾಡಿದ್ದಾರೆ. ಉಣ್ಣೆ ಇದನ್ನು ಹತ್ತಿಗಿಂತ ಸುಲಭವಾಗಿ ಕುಡಿಯುತ್ತದೆ. ಪಟಿಕ ಹಾಕಿದರೆ ಇಟ್ಟಿಗೆಯ ಕಡೆಗೆ, ಚಿಟಿಕೆ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ತಾಗಿಸಿದರೆ ಕಾಫಿ ಬೀಜದ ಕಡೆಗೆ ಹೊರಳುತ್ತದೆ. ಮೆರೂನ್ ಅಲ್ಲ, ಆದರೆ ಚಳ್ಳಕೆರೆ ನೂಲಿನ ಒರಟುತನಕ್ಕೆ ಇದರಷ್ಟು ಒಪ್ಪುವ ಬಣ್ಣ ನಾನು ಕಂಡಿಲ್ಲ.

ಶಾಲಿನ ಮೆರೂನ್‌ಗೆ ಮಂಜಿಷ್ಠವನ್ನು ಆರಿಸಿಕೊಳ್ಳಿ, ಗ್ರಂಧಿಗೆ ಅಂಗಡಿಯಲ್ಲಿ ಔಷಧಿಯ ಬೇರೆಂದು ಸಿಗುತ್ತದೆ. ಇಲ್ಲಿ ನಿಮ್ಮ ಬೋರ್‌ವೆಲ್ ನೀರು ತನ್ನ ಪಾಪ ತೊಳೆದುಕೊಳ್ಳುತ್ತದೆ: ಮಂಜಿಷ್ಠದ ಕೆಂಪಿಗೆ ನೀರಿನಲ್ಲಿ ಸುಣ್ಣದ ಅಂಶ ಇದ್ದಷ್ಟೂ ಒಳ್ಳೆಯದು. ಮೊದಲು ಪಟಿಕ ಕೂರಿಸಬೇಕು. 100 ಗ್ರಾಂ ನೂಲಿಗೆ 12ರಿಂದ 15 ಗ್ರಾಂ ಪಟಿಕ, ಬೇಕರಿ ಸಾಮಾನಿನ ಅಂಗಡಿಯ ಕ್ರೀಮ್ ಆಫ್ ಟಾರ್ಟರ್ 6 ಗ್ರಾಂ. ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, ಪಾತ್ರೆಯ ನೀರಿಗೆ ಬೆರೆಸಿ, ನೆನೆದ ನೂಲು ಇಳಿಸಿ, 85 ಡಿಗ್ರಿಯಲ್ಲಿ ಒಂದು ಗಂಟೆ. ಪಟಿಕ ಹೆಚ್ಚಾದರೆ ಬಣ್ಣ ಹೆಚ್ಚುವುದಿಲ್ಲ, ನೂಲು ಅಂಟಂಟಾಗುತ್ತದೆ. ಮಂಜಿಷ್ಠದ ಪುಡಿ ನೂಲಿನ ತೂಕಕ್ಕೆ ಸಮ. ಹಿಂದಿನ ರಾತ್ರಿ ಬಿಸಿನೀರಿನಲ್ಲಿ ನೆನೆಸಿ, ತೆಳು ಬಟ್ಟೆಯ ಗಂಟು ಕಟ್ಟಿ ನೂಲಿನ ಜೊತೆ ಪಾತ್ರೆಗೆ ಹಾಕಿ. ಇಲ್ಲಿ ಮಾತ್ರ ಬಿಸಿ 70 ಡಿಗ್ರಿ ದಾಟಬಾರದು, ದಾಟಿದರೆ ಬೇರಿನ ಕಂದು ಇಳಿದು ಕೆಂಪನ್ನು ಕೆಡಿಸುತ್ತದೆ. ಬೆರಳು ತಾಗಿಸಿದರೆ ಕ್ಷಣವೂ ತಾಳದಷ್ಟು ಬಿಸಿ, ಆದರೆ ಗುಳ್ಳೆ ಏಳಬಾರದು. ಒಂದು ಗಂಟೆಯ ನಂತರ ಅದೇ ನೀರಿನಲ್ಲಿ ಬೆಳಗಿನವರೆಗೆ ಬಿಡಿ.

ಬರುವುದು ಕಿತ್ತಳೆ ಛಾಯೆಯ ಕೆಂಪು. ಮೆರೂನ್‌ಗೆ ಇಳಿಸಲು 100 ಗ್ರಾಂ ನೂಲಿಗೆ 1 ಗ್ರಾಂ ಅನ್ನಭೇದಿ ಸಾಕು. ಬೇರೆ ಪಾತ್ರೆಯ ಬೆಚ್ಚನೆ ನೀರಿನಲ್ಲಿ ಕರಗಿಸಿ, ಲಡಿ ಅದ್ದಿ, ಕಣ್ಣು ತೆಗೆಯದೆ ನೋಡುತ್ತಿರಿ. ಹತ್ತು ನಿಮಿಷದೊಳಗೆ ಕೆಂಪು ಕಪ್ಪಿಗೆ ವಾಲತೊಡಗುತ್ತದೆ. ನಿಮಗೆ ಬೇಕಾದ ಬಣ್ಣಕ್ಕಿಂತ ಚೂರು ಮೊದಲೇ ಎತ್ತಿ ತೊಳೆಯಿರಿ. ಅನ್ನಭೇದಿ ಹೆಚ್ಚಾದರೆ ಉಣ್ಣೆ ಪೆಡಸಾಗಿ, ವರ್ಷಗಳು ಕಳೆದಂತೆ ಎಳೆ ತುಂಡಾಗುತ್ತದೆ. ತೋಟದವರ ಮನೆಯಲ್ಲಿ ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಇರುತ್ತದೆ, ಅದನ್ನು ಹಾಕಿದರೂ ಬಣ್ಣ ತಿರುಗುತ್ತದೆ ನಿಜ; ಮನೆಯೊಳಗಿನ ಕೆಲಸಕ್ಕೆ ನಾನು ಅದನ್ನು ಸಲಹೆ ಮಾಡುವುದಿಲ್ಲ, ಅದು ವಿಷ.

ಶಾಲಿಗೆ ಬೇಕಾದ ನೂಲನ್ನೆಲ್ಲ ಒಂದೇ ಪಾತ್ರೆಯಲ್ಲಿ ಮುಗಿಸುವುದು ಒಳ್ಳೆಯದು. ನಾಲ್ಕು ಲಡಿ, ಅಂದರೆ 400 ಗ್ರಾಂ ನೂಲಿಗೆ 14 ಲೀಟರ್ ಹಿಡಿಯುವ ಡಬರಿ ಬೇಕು. ಅಷ್ಟು ದೊಡ್ಡದು ಇಲ್ಲದೆ ಎರಡು ಸಲ ಹಾಕಿದರೆ, ಅಳತೆ ಎಷ್ಟೇ ಒಂದಾಗಿದ್ದರೂ ಎರಡು ಬಣ್ಣ ಬರುತ್ತದೆಂದೇ ಲೆಕ್ಕ ಹಾಕಿ. ಆಗ ಎರಡೂ ಕಂತಿನಿಂದ ಒಂದೊಂದು ಉಂಡೆ ತೆಗೆದುಕೊಂಡು ಎರಡೆರಡು ಸಾಲಿಗೆ ಬದಲಿಸುತ್ತಾ ಹೆಣೆಯಿರಿ, ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ತೊಳೆದ ಲಡಿಯನ್ನು ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಒಣಗಿಸಿ.

ಜಡೆಗಟ್ಟಿದ ಲಡಿ ಮತ್ತೆ ಮೊದಲಿನಂತಾಗುವುದಿಲ್ಲ. ದಪ್ಪ ಕಡ್ಡಿಯಲ್ಲಿ ಹೆಣೆದು ಬಿಸಿ ಪಾತ್ರೆಯ ಕೆಳಗೆ ಇಡುವ ಮಣೆ ಬಟ್ಟೆ ಮಾಡಿಕೊಳ್ಳಬಹುದು, ಆದರೆ ಕೆಂಪು ಇನ್ನೂ ಬಿಡುತ್ತಿದೆಯಲ್ಲ, ಬಿಳಿ ನೂಲಿನ ಪಕ್ಕಕ್ಕೆ ಮಾತ್ರ ತರಬೇಡಿ. ಅಕ್ರಿಲಿಕ್ ಉಲನ್ನು ಬಿಳಿಯಾಗಿಯೇ ಹೆಣೆದು ಮಗುವಿಗೆ ಟೊಪ್ಪಿ ಮಾಡಿ. ಯಂತ್ರದಲ್ಲಿ ಎಷ್ಟು ಒಗೆದರೂ ಅದಕ್ಕೇನೂ ಆಗುವುದಿಲ್ಲ.